ಒಸಾಕಾ ಟ್ರಿಪ್ ಇದ್ದರೆ ಹನಾಝೊನೊದಲ್ಲಿ ಒಂದು ರಗ್ಬಿ ಮ್ಯಾಚ್ ನೋಡಿ

ಒಸಾಕಾಗೆ ಹೋದವರು ಕೋಟೆ ನೋಡಿ, ನಾರಾದ ಜಿಂಕೆಗಳ ಜೊತೆ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಆ ನಾರಾ ರೈಲಿನ ದಾರಿಯಲ್ಲೇ, ಹಿಗಾಶಿ ಒಸಾಕಾದಲ್ಲಿ, ಹನಾಝೊನೊ ಸ್ಟೇಡಿಯಂ ಇದೆ. ರಗ್ಬಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅರ್ಧ ದಿನ ಇಟ್ಟುಕೊಳ್ಳಿ.

ಲೀಗ್ ಪಂದ್ಯಕ್ಕಿಂತ ಹೈಸ್ಕೂಲ್ ಹುಡುಗರ ರಾಷ್ಟ್ರೀಯ ಟೂರ್ನಿಗೇ ಹೋಗಿ. ಡಿಸೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗೆ ನಡೆಯುತ್ತದೆ. ಹೊಸ ವರ್ಷಕ್ಕೆ ಊರಲ್ಲಿ ಎಷ್ಟೋ ಕಡೆ ಬಾಗಿಲು ಹಾಕಿರುತ್ತಾರೆ, ಇಲ್ಲಿ ಮಾತ್ರ ಜಾತ್ರೆ. ಮೊದಲ ಸುತ್ತುಗಳಲ್ಲಿ ಪಕ್ಕಪಕ್ಕದ ಮೈದಾನಗಳಲ್ಲಿ ಒಟ್ಟಿಗೆ ಆಟ ನಡೆಯುವುದರಿಂದ ಒಂದು ಬೋರಾದರೆ ಇನ್ನೊಂದಕ್ಕೆ ಎದ್ದು ಹೋಗಬಹುದು. ದಿನಾ ಪಂದ್ಯ ಇರಲ್ಲ, ವೇಳಾಪಟ್ಟಿ ನೋಡಿಕೊಂಡೇ ಹೊರಡಿ.

ರಗ್ಬಿಗೆಂದೇ ಕಟ್ಟಿದ ಜಪಾನಿನ ಮೊದಲ ಮೈದಾನ ಇದು, 1929ರದ್ದು. ಕಟ್ಟಿಸಿದ್ದು ಸರ್ಕಾರ ಅಲ್ಲ, ಈಗಿನ ಕಿಂಟೆಟ್ಸು ರೈಲು ಕಂಪನಿಯ ಹಿಂದಿನ ಸಂಸ್ಥೆ. ಸಲಹೆ ಕೊಟ್ಟಿದ್ದು ರಾಜಕುಮಾರ ಚಿಚಿಬು ಅಂತಾರೆ. ಟೋಕಿಯೊದ ರಗ್ಬಿ ಸ್ಟೇಡಿಯಂಗೆ ಇರುವುದೂ ಅವರದೇ ಹೆಸರು. 2015ರಲ್ಲಿ ಹನಾಝೊನೊ ನಗರಸಭೆಯ ಕೈಗೆ ಬಂತು, ನವೀಕರಿಸಿ 2019ರ ರಗ್ಬಿ ವಿಶ್ವಕಪ್‌ನ ನಾಲ್ಕು ಪಂದ್ಯ ಆಡಿಸಿದರು. ಆದರೂ ಜಪಾನೀಯರಿಗೆ ಈ ಜಾಗ ಅಂದರೆ ಮೊದಲು ಶಾಲಾ ಹುಡುಗರೇ. 1962ರ ಸೀಸನ್ನಿನಿಂದ ಟೂರ್ನಿ ಇಲ್ಲೇ ನೆಲೆ ನಿಂತಿದೆ.

ಮೂವತ್ತು ಮೂವತ್ತು ನಿಮಿಷದ ಎರಡು ಅವಧಿ, ಅಷ್ಟೇ ಆಟ. ಸ್ಕೋರು ಸಮ, ಟ್ರೈಗಳ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸುವುದು) ಲೆಕ್ಕ ಇತ್ಯಾದಿಯೂ ಸಮವಾದರೆ ಹೆಚ್ಚುವರಿ ಸಮಯ ಇಲ್ಲ, ಚೀಟಿ ಎತ್ತುತ್ತಾರೆ! ಮೈಯೆಲ್ಲ ಮಣ್ಣಾದ ಇಬ್ಬರು ಕ್ಯಾಪ್ಟನ್‌ಗಳು ಹೋಗಿ ಲಕೋಟೆ ತೆಗೆಯಬೇಕು, ಮುಂದಿನ ಸುತ್ತಿಗೆ ಯಾರು ಅನ್ನುವುದು ಅದರೊಳಗಿನ ಚೀಟಿಯಲ್ಲಿರುತ್ತದೆ. ನನಗಂತೂ ಇದು ತೀರಾ ಅನ್ಯಾಯ ಅನ್ನಿಸುತ್ತದೆ. ಫೈನಲ್ ಸಮವಾದರೆ ಮಾತ್ರ ಇಬ್ಬರಿಗೂ ಪ್ರಶಸ್ತಿ.

ಒಸಾಕಾ ನಂಬಾದಿಂದ ಕಿಂಟೆಟ್ಸು ನಾರಾ ಲೈನ್ ಹಿಡಿದು ಹಿಗಾಶಿ ಹನಾಝೊನೊದಲ್ಲಿ ಇಳಿಯಿರಿ. ಅಲ್ಲಿಂದ ಹತ್ತು ನಿಮಿಷದ ನಡಿಗೆ. ರ‍್ಯಾಪಿಡ್ ಎಕ್ಸ್‌ಪ್ರೆಸ್ ಹತ್ತಬೇಡಿ, ಸಾಮಾನ್ಯವಾಗಿ ಅದು ಇಲ್ಲಿ ನಿಲ್ಲದೆ ಸೀದಾ ಮುಂದೆ ಹೋಗುತ್ತದೆ. ಜೆಆರ್ ಪಾಸ್ (ಜಪಾನ್ ರೈಲ್ವೇಸ್ ಕಂಪನಿಗಳ ಪ್ರವಾಸಿ ಪಾಸ್) ಈ ರೈಲಿಗೆ ನಡೆಯಲ್ಲ, ದುಡ್ಡು ತುಂಬಿಸಿ ಬಳಸುವ ಇಕೋಕಾ ಕಾರ್ಡ್ ಇದ್ದರೆ ಸಾಕು.

ಇಕೋಮಾ ಬೆಟ್ಟ ಎದುರಿಗೇ ಇದೆ. ಚಳಿ ಜಾಸ್ತಿ, ಟೋಪಿ, ಕೈಗವಸು ಬೇಕೇ ಬೇಕು. ಸಸ್ಯಾಹಾರಿಗಳು ಸ್ಟೇಡಿಯಂ ತಿಂಡಿ ನಂಬಿಕೊಳ್ಳಬೇಡಿ, ಸಾರಿನಲ್ಲೂ ಮೀನಿನ ಅಂಶ ಇರುತ್ತದೆ. ಏನಾದರೂ ಕಟ್ಟಿಸಿಕೊಂಡು ಹೋಗಿ. ಇಕೋಕಾ ಕಾರ್ಡ್‌ಗೆ ವಾಪಸ್ ಪ್ರಯಾಣದ ದುಡ್ಡನ್ನೂ ಮೊದಲೇ ಹಾಕಿಸಿಡಿ, ಕೊನೆಯ ಪಂದ್ಯ ಮುಗಿದ ಮೇಲೆ ಮಷೀನ್ ಮುಂದೆ ಉದ್ದ ಕ್ಯೂ ಇರುತ್ತದೆ.