ಪ್ಲಾಟರ್ ತಗೊಳ್ಳುವಾಗ ಅಗಲ ಅಲ್ಲ, ಒತ್ತಕ್ಷರ ನೋಡಿ

ಟೀ ಶರ್ಟ್ ಅಂಗಡಿಗೆ ಪ್ಲಾಟರ್ (ಫಿಲ್ಮನ್ನು ಅಕ್ಷರದ ಆಕಾರಕ್ಕೆ ಬ್ಲೇಡಲ್ಲಿ ಕತ್ತರಿಸೋ ಮಷೀನು) ಬೇಕು ಅಂದರೆ ಡೀಲರ್ ಮೊದಲು ಹೇಳೋದೇ ಅಗಲ. ನಮ್ಮ ಓನರ್ ಅದಕ್ಕೇ ಮರುಳಾದರು. ‘ನಾಲ್ಕಡಿದು ಇದ್ರೆ ನಾಳೆ ಗಾಡಿ ಸ್ಟಿಕರ್ ಕೆಲಸಾನೂ ಹಿಡೀಬಹುದು’ ಅಂತ. ಬಟ್ಟೆಗೆ ಒತ್ತೋ ಫಿಲ್ಮ್ ರೋಲ್ ಬರೋದೇ ಸುಮಾರು 50 ಸೆಂಟಿಮೀಟರ್ ಅಗಲ. ಮಿಕ್ಕ ಜಾಗದ ಮೇಲೆ ಬಿಲ್ ಬುಕ್ ಕೂತಿರುತ್ತಿತ್ತು.

ಆ ಮಷೀನಿನ ಬಂಡವಾಳ ಬಯಲಾಗಿದ್ದು ಅಕ್ಟೋಬರ್ 31ರ ರಾತ್ರಿ. ಆಟೋ ಸ್ಟ್ಯಾಂಡ್ ಹುಡುಗರ ಆರ್ಡರ್: ಹಳದಿ ಟೀ ಶರ್ಟ್, ಎದೆ ಮೇಲೆ ಕೆಂಪಲ್ಲಿ ದೊಡ್ಡದಾಗಿ ‘ಕನ್ನಡ’, ತೋಳಿನ ಮೇಲೆ ಸಣ್ಣಗೆ ‘ರಾಜ್ಯೋತ್ಸವ ಸಮಿತಿ’. ಬೆಳಗ್ಗೆ ಧ್ವಜಾರೋಹಣ. ಅಕ್ಷರ ಕನ್ನಡಿಯಲ್ಲಿ ಕಂಡಂಗೆ ತಿರುಗಿಸಿ, ಅಂದರೆ ಮಿರರ್ ಹಾಕಿ, ಕಟಿಂಗ್ ಕೊಟ್ಟೆ. ಎದೆಯದು ಸಲೀಸಾಗಿ ಬಂತು. ತೋಳಿನದು ವೀಡಿಂಗ್‌ಗೆ, ಅಂದರೆ ಬೇಡದ ಫಿಲ್ಮು ಕೀಳೋಕೆ, ಹಿಡಿದರೆ ‘ತ್ಸ’ದ ಕೆಳಗಿನ ಒತ್ತು ಕಸದ ಜೊತೆಗೇ ಎದ್ದು ಬಂತು. ‘ಜ್ಯೋ’ದ ಬಾಲ ಅರ್ಧಕ್ಕೇ ಕಿತ್ತಿತ್ತು.

ಬ್ಲೇಡ್ ಮೊಂಡಾಗಿದೆ ಅಂದ್ಕೊಂಡು ಪ್ರೆಶರ್ ಏರಿಸಿದೆ. ಈಗ ಫಿಲ್ಮಿನ ಅಡಿಯ ಕ್ಯಾರಿಯರ್ ಶೀಟನ್ನೇ ಸೀಳಿಕೊಂಡು ಹೋಯ್ತು. ಇಳಿಸಿದೆ, ಮತ್ತೆ ಒತ್ತು ಎದ್ದಿತು. ಓನರ್ ಬೆನ್ನ ಹಿಂದೆ ನಿಂತು ‘ಸ್ಪೀಡ್ ಕಮ್ಮಿ ಮಾಡಪ್ಪಾ’ ಅಂತಿದ್ದಾರೆ. ಹೊರಗೆ ಆಟೋದವರ ಹಾರ್ನು. ನೆಲದ ಮೇಲೆ ಕೆಂಪು ಫಿಲ್ಮಿನ ಚೂರು ಕಾಲಿಗೆ ಅಂಟುತ್ತಿವೆ.

ಲೆನ್ಸ್ ಹಿಡಿದು ನೋಡಿದ ಮೇಲೆ ಗೊತ್ತಾಯ್ತು, ಕಾಯಿಲೆ ಎರಡು. ನುಡಿ ಫಾಂಟಲ್ಲಿ ಅಕ್ಷರದ ಔಟ್‌ಲೈನೇ ಬೇರೆ, ಒತ್ತಿನದೇ ಬೇರೆ. ಒಂದರ ಮೇಲೊಂದು ಹತ್ತಿರುತ್ತವೆ. ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಅಕ್ಷರವನ್ನು ಕರ್ವ್ಸ್ (ಬರೀ ಗೆರೆ) ಮಾಡಿ, ವೆಲ್ಡ್ ಮಾಡಿ ಒಂದಾಗಿಸದಿದ್ದರೆ ಕೂಡಿದ ಕಡೆಯೂ ಬ್ಲೇಡ್ ಗೆರೆ ಎಳೆದು ಒತ್ತನ್ನು ತುಂಡು ಮಾಡುತ್ತೆ. ಅದನ್ನು ಅಲ್ಲೇ ಸರಿ ಮಾಡಿದೆ. ಇನ್ನೊಂದು ಮಷೀನಿಂದು: ಬ್ಲೇಡ್ ಹೋಲ್ಡರ್ ಅಲ್ಲಾಡುತ್ತಿತ್ತು. ಆಫ್‌ಸೆಟ್ (ಬ್ಲೇಡಿನ ತುದಿ ನಡುವಿನಿಂದ ಸರಿದಿರೋ ಅಂತರ) 0.25 ಮಿ.ಮೀ. ಸರಿಯಾಗೇ ಕೊಟ್ಟಿದ್ದರೂ, ಸುತ್ತಿ ಬಂದ ಗೆರೆ ಶುರುವಾದ ಜಾಗಕ್ಕೆ ಕೂಡುತ್ತಿರಲಿಲ್ಲ. ದೊಡ್ಡ ಅಕ್ಷರದಲ್ಲಿ ಅದು ಕಣ್ಣಿಗೇ ಬೀಳಲ್ಲ. ಸಣ್ಣ ಒತ್ತಿಗೆ ಕೂದಲೆಳೆಯಷ್ಟು ಉಳಿದರೂ ಸಾಕು, ಕಸದ ಜೊತೆ ಹೊರಟಿತು.

ಕೊನೆಗೆ ತೋಳು ಬಿಟ್ಟು ಎದೆಗಷ್ಟೇ ಒತ್ತಿ ಕೊಟ್ಟೆವು. ತೋಳಿನ ದುಡ್ಡು ಹಿಡ್ಕೊಂಡ್ರು, ಅವರ ತಪ್ಪೇನಿಲ್ಲ.

ಹೊಸ ಪ್ಲಾಟರ್ ನೋಡೋಕೆ ಹೋದಾಗ ಪೆನ್‌ಡ್ರೈವಲ್ಲಿ ಅದೇ ಫೈಲು, ಕಂಕುಳಲ್ಲಿ ನಮ್ಮದೇ ಫಿಲ್ಮು. ಡೆಮೋದಲ್ಲಿ ಸ್ಟಿಕರ್ ವಿನೈಲ್ ಹಾಕಿ ಚಿಟ್ಟೆ ಕಟ್ ಮಾಡಿ ತೋರಿಸ್ತಾರೆ. ಚಿಟ್ಟೆ ಯಾವ ಮಷೀನಾದರೂ ಕಟ್ ಮಾಡುತ್ತೆ. ನಮ್ಮ ಫೈಲು ಕೊಟ್ಟಾಗ ಒಬ್ಬರು ‘ಇಷ್ಟು ಸಣ್ಣದು ಯಾರು ಸಾರ್ ಹಾಕ್ತಾರೆ’ ಅಂದರು. ನಾವು ಹಾಕ್ತೀವಿ. ಕೊನೆಗೆ ತಂದಿದ್ದು 24 ಇಂಚಿನ ಸರ್ವೋ ಮೋಟರಿಂದು. ಫಿಲ್ಮನ್ನು ಅದುಮಿ ಹಿಡಿಯೋ ಪಿಂಚ್ ರೋಲರ್ ನಮ್ಮ ಫಿಲ್ಮಿನ ಎರಡೂ ಅಂಚಿಗೆ ಕೂರುತ್ತೆ. ಉದ್ದಕ್ಕೆ ಓಡಿಸಿ, ವಾಪಸ್ ತಂದು, ಅದೇ ಗೆರೆ ಮೇಲೆ ಇನ್ನೊಮ್ಮೆ ಕಟ್ ಮಾಡಿಸಿದೆ. ಎರಡು ಗೆರೆ ಕಾಣಲಿಲ್ಲ, ಟ್ರ್ಯಾಕಿಂಗ್ ಪಾಸು.

ಡಿಟಿಎಫ್ (ಫಿಲ್ಮಿನ ಮೇಲೆ ಬಣ್ಣದಲ್ಲಿ ಪ್ರಿಂಟ್ ಮಾಡಿ ಬಟ್ಟೆಗೆ ಒತ್ತೋದು) ಇರುವಾಗ ಇದೆಲ್ಲ ಯಾಕೆ ಅಂತ ಕೇಳೋರು ಇದ್ದಾರೆ. ಬಣ್ಣ ಜಾಸ್ತಿ ಇದ್ದರೆ ಡಿಟಿಎಫ್ಫೇ ಸರಿ. ಕಬಡ್ಡಿ ಜೆರ್ಸಿಗೆ ಆಟದ ಹಿಂದಿನ ದಿನ ಒಂದೇ ಒಂದು ಹೆಸರು ಬದಲಾಯಿಸಿ ಅಂತ ಬರ್ತಾರಲ್ಲ, ಅಲ್ಲಿ ಪ್ಲಾಟರೇ ಬೇಗ.

ಇಷ್ಟೆಲ್ಲ ಸುರಿದ ಓನರ್, ಬ್ಲೇಡ್ ಕೇಳಿದರೆ ಮಾತ್ರ ‘ಮೊನ್ನೆ ತಾನೇ ಕೊಟ್ಟಿದ್ದಲ್ಲವಾ’ ಅಂತಾರೆ. ಗ್ಲಿಟರ್ ಫಿಲ್ಮ್ ಆರ್ಡರಂತೂ ಹಿಡೀತಾನೇ ಇದ್ದಾರೆ. ಅದು ದಪ್ಪ ಫಿಲ್ಮು, 60 ಡಿಗ್ರಿ ಬ್ಲೇಡ್ ಬೇಕು ಸಾರ್ ಅಂದರೆ, ಇರೋದರಲ್ಲೇ ಪ್ರೆಶರ್ ಏರಿಸು ಅಂತ ನನಗೇ ಹೇಳ್ತಾರೆ.