ಆ ಮೂರು ವರ್ಷಕ್ಕೆ ಸಹಿ ಯಾರು ಹಾಕಿದರು?

ಮಗಳಿಗೆ ಕೆಲಸದ ಆಫರ್ ಬಂದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಲಂಡನ್ನಿನ ಒಂದು ಲಾ ಫರ್ಮಿನಲ್ಲಿ ಸಾಲಿಸಿಟರ್ ಅಪ್ರೆಂಟಿಸ್. ಆರು ವರ್ಷ. ಸೆಪ್ಟೆಂಬರಿನಿಂದ ಸಂಬಳ. ಅವಳು ಕುಣಿದಳು, ನಾನು ಸಾಸಿವೆ ಸೀಯಿಸಿದೆ.

ಹಾಸನಕ್ಕೆ ಫೋನ್ ಮಾಡಿದರೆ ಅಣ್ಣ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ, "ಯೂನಿವರ್ಸಿಟಿಗೆ ಕಳಿಸಲ್ವಾ? ಅಪ್ರೆಂಟಿಸ್ ಅಂದ್ರೆ ನಮ್ಮಲ್ಲಿ ಐಟಿಐ ಮುಗಿಸಿದವರು ಮಾಡೋದಲ್ವಾ?" ಎಂದ. ಹಿಂದಿನಿಂದ ಅಮ್ಮನ ದನಿ: "ಏನಂತೆ ಮಗು? ಲಾಯರ್ರೋ ಮೆಕ್ಯಾನಿಕ್ಕೋ?"

ನಿಜ ಹೇಳಬೇಕು ಅಂದರೆ ನನಗೂ ಮೊದಲು ಹಾಗೇ ಅನ್ನಿಸಿತ್ತು. ಎರಡು ಯೂನಿವರ್ಸಿಟಿಗಳಲ್ಲಿ ಕಾನೂನು ಓದೋಕೆ ಸೀಟಿತ್ತು ಅವಳಿಗೆ. ಗೌನು ಹಾಕಿಕೊಂಡು ಹುಲ್ಲಿನ ಮೇಲೆ ನಿಂತ ಫೋಟೋವನ್ನು ಹಾಸನದ ಮನೆಯ ಷೋಕೇಸಿನಲ್ಲಿ ಎಲ್ಲಿಡಬೇಕು ಅಂತ ಕೂಡ ಮನಸ್ಸಿನಲ್ಲೇ ಜಾಗ ನೋಡಿಟ್ಟಿದ್ದೆ.

ಇಲ್ಲಿ ವಕೀಲರಲ್ಲಿ ಎರಡು ಜಾತಿ. ಕಕ್ಷಿದಾರರ ಜೊತೆ ಕೂತು ಕಾಗದಪತ್ರ, ಮನೆ ಕೊಡುಕೊಳ್ಳುವಿಕೆ, ಉಯಿಲು, ಕಂಪನಿ ವ್ಯವಹಾರ ನೋಡುವವರು ಸಾಲಿಸಿಟರ್. ದೊಡ್ಡ ಕೋರ್ಟುಗಳಲ್ಲಿ ವಾದಕ್ಕೆ ನಿಲ್ಲುವವರು ಹೆಚ್ಚಾಗಿ ಬ್ಯಾರಿಸ್ಟರ್. ಗಾಂಧೀಜಿ ಆಗಿದ್ದು ಎರಡನೆಯದು. ಸಾಲಿಸಿಟರ್ ಆಗೋಕೆ ಮೊದಲು ಸಾಮಾನ್ಯವಾಗಿ ಕಾನೂನಿನ ಡಿಗ್ರಿ, ಮೇಲೊಂದು ವರ್ಷ ಎಲ್‌ಪಿಸಿ ಅನ್ನೋ ಕೋರ್ಸು, ಅದಾದ ಮೇಲೆ ಯಾವುದಾದರೂ ಫರ್ಮಿನಲ್ಲಿ ಎರಡು ವರ್ಷದ ಟ್ರೇನಿಂಗ್ ಕಾಂಟ್ರಾಕ್ಟ್ ಬೇಕಿತ್ತು. ಕೋರ್ಸಿಗೆ ಸಾವಿರಾರು ಪೌಂಡ್ ಸುರಿದು, ಆ ಕಾಂಟ್ರಾಕ್ಟ್ ಸಿಗದೆ ಬಾಗಿಲಲ್ಲೇ ನಿಂತವರು ಎಷ್ಟೋ ಜನ. 2021ರ ಸೆಪ್ಟೆಂಬರಿನಲ್ಲಿ ಎಸ್‌ಕ್ಯೂಇ ಅನ್ನೋ ಒಂದೇ ಪರೀಕ್ಷೆ ತಂದರು. ಈಗ ಹೊಸದಾಗಿ ಶುರು ಮಾಡುವವರು ಸಾಮಾನ್ಯವಾಗಿ ಯಾವ ದಾರಿಯಲ್ಲಿ ಬಂದರೂ ಕೊನೆಗೆ ಅದನ್ನೇ ದಾಟಬೇಕು. ಮೊದಲ ಭಾಗದಲ್ಲಿ 360 ಪ್ರಶ್ನೆ, ಒಂದೊಂದಕ್ಕೂ ಐದು ಉತ್ತರ, ಸರಿಯಾದದ್ದನ್ನು ಆರಿಸಬೇಕು. ಎರಡನೆಯದರಲ್ಲಿ 16 ಕೆಲಸ ಮಾಡಿ ತೋರಿಸಬೇಕು: ಕಕ್ಷಿದಾರರನ್ನು ಮಾತಾಡಿಸೋದು, ಪತ್ರ ಬರೆಯೋದು, ವಾದ ಮಾಡೋದು. ಆರು ವರ್ಷದೊಳಗೆ ಮೂರು ಸಲ ಕೂರಬಹುದು, ಅಷ್ಟೇ. ಎರಡಕ್ಕೂ ಸೇರಿ ಫೀಸು 2025ರ ಕೊನೆಯಲ್ಲಿ 4,900 ಪೌಂಡಿನ ಹತ್ತಿರ ಇತ್ತು.

ಡಿಗ್ರಿಗೆ 2025-26ರ ಲೆಕ್ಕದಲ್ಲಿ ವರ್ಷಕ್ಕೆ 9,535 ಪೌಂಡ್, ಮೂರು ವರ್ಷ. ಅದರ ಮೇಲೆ ಲಂಡನ್ನಿನ ಬಾಡಿಗೆ. ಅಪ್ರೆಂಟಿಸ್ ಆದರೆ ಓದಿಗೂ ಪರೀಕ್ಷೆಗೂ ಅವಳ ಕೈಯಿಂದ ಒಂದು ಪೆನ್ನಿಯೂ ಬೇಡ. ವಾರಕ್ಕೆ ನಾಲ್ಕು ದಿನ ಆಫೀಸು, ಒಂದು ದಿನ ಓದು. ಎಲ್‌ಎಲ್‌ಬಿ ಡಿಗ್ರಿಯೂ ನಡುವೆಯೇ ಸಿಗುತ್ತದೆ. ಇದನ್ನು ಅಣ್ಣನಿಗೆ ಎರಡು ಸಲ ಹೇಳಿದೆ. "ಸರಿ, ಆದ್ರೂ…" ಎಂದ. ಆ 'ಆದ್ರೂ'ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಕ್ಕದ ಮನೆಯ ಅಜ್ಜಿಗೆ ವಯಸ್ಸು 80 ದಾಟಿದೆ. ಬೇಲಿಯ ಆಚೆಯಿಂದ ಕೇಳಿಸಿಕೊಂಡು ನಕ್ಕರು. ಅವರ ಅಣ್ಣನನ್ನು ಹೀಗೇ ಒಬ್ಬ ಸಾಲಿಸಿಟರ್ ಹತ್ತಿರ ಕೆಲಸ ಕಲಿಯೋಕೆ ಬಿಟ್ಟಿದ್ದರಂತೆ. ಆಗ ದುಡ್ಡು ಕೊಟ್ಟಿದ್ದು ಫರ್ಮಿನವರಲ್ಲ, ಇವರ ಅಪ್ಪ. ಮಗ ಅಲ್ಲಿ ಕೂತು ಕಾಗದ ನಕಲು ಮಾಡೋಕೆ ಅಪ್ಪನೇ ಹಣ ಕಟ್ಟಬೇಕಿತ್ತು! "ನನ್ನನ್ನು ಕಳಿಸೋ ಮಾತೇ ಬರಲಿಲ್ಲ" ಎಂದು ಸೇರಿಸಿ ಗುಲಾಬಿ ಗಿಡ ಕತ್ತರಿಸೋಕೆ ಬಗ್ಗಿದರು. ಈ ದೇಶದಲ್ಲಿ 1913ರಲ್ಲಿ ಕೋರ್ಟು, ಸಾಲಿಸಿಟರ್ ಕಾಯ್ದೆಯ ಪ್ರಕಾರ ಹೆಂಗಸು 'ವ್ಯಕ್ತಿ' ಅಲ್ಲ ಎಂದು ತೀರ್ಪು ಕೊಟ್ಟಿತ್ತು. ಮೊದಲ ಮಹಿಳಾ ಸಾಲಿಸಿಟರ್ ಕ್ಯಾರಿ ಮಾರಿಸನ್ ಬಂದಿದ್ದು 1922ರಲ್ಲಿ. ಈ ದೇಶದವರೇನೂ ಹುಟ್ಟಿನಿಂದ ದೊಡ್ಡ ಮನಸ್ಸಿನವರಲ್ಲ ಬಿಡಿ.

ನನ್ನನ್ನು ತಟ್ಟಿದ ಮಾತು ಬಂದಿದ್ದು ಆ ಭಾನುವಾರ. ಮಗಳು ನಿಯಮಗಳನ್ನು ಓದಿ ಹೇಳುತ್ತಿದ್ದಳು. ಪರೀಕ್ಷೆಯ ಜೊತೆಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಡಿಗ್ರಿ ಮಾಡಿದವರು ಅದನ್ನು ನಾಲ್ಕು ಕಡೆಯವರೆಗೆ ಹಂಚಿಕೊಂಡು ಮಾಡಬಹುದು. ಬಡವರಿಗೆ ಬಿಟ್ಟಿ ಸಲಹೆ ಕೊಡುವ ಕೇಂದ್ರದಲ್ಲಿ ದುಡಿದಿದ್ದೂ ಲೆಕ್ಕಕ್ಕೆ ಬರುತ್ತದೆ. ಆದರೆ ಸಾಮಾನ್ಯವಾಗಿ ಒಬ್ಬ ಸಾಲಿಸಿಟರ್ ಸಹಿ ಹಾಕಬೇಕು. ಇವಳು ಜಾಣೆ ಅಂತ ಏನೂ ಬರೆಯಬೇಕಿಲ್ಲ. ಇಷ್ಟು ದಿನ ಇಲ್ಲಿದ್ದಳು, ಕಲಿಯೋಕೆ ಇವಳಿಗೆ ಅವಕಾಶ ಸಿಕ್ಕಿತು, ನಡತೆಯಲ್ಲಿ ದೋಷ ಕಾಣಲಿಲ್ಲ. ಅಷ್ಟು ಸಾಕು.

ಓದಿ ಮುಗಿಸಿ ತಲೆ ಎತ್ತಿದಳು. "ಅಮ್ಮ, ನೀನು ಹಾಸನದಲ್ಲಿ ಮೂರು ವರ್ಷ ಜೂನಿಯರ್ ಆಗಿದ್ದೆ ಅಲ್ವಾ? ಅದಕ್ಕೆ ಸಹಿ ಯಾರು ಹಾಕಿದ್ರು?"

ಯಾರೂ ಹಾಕಿರಲಿಲ್ಲ.

2004ರಲ್ಲಿ ಬೆಂಗಳೂರಿಗೆ ಹೋಗಿ ಬಾರ್ ಕೌನ್ಸಿಲಿನಲ್ಲಿ ಹೆಸರು ಬರೆಸಿದೆ. ಹೊಸ ಕರಿಕೋಟು, ಬಿಳಿ ಬ್ಯಾಂಡು. ಒಬ್ಬ ಸೀನಿಯರ್ ಹತ್ತಿರ ಸೇರಿದೆ. ಬೆಳಿಗ್ಗೆ ಎಂಟಕ್ಕೆ ಅವರ ಆಫೀಸು, ಹನ್ನೊಂದಕ್ಕೆ ಕೋರ್ಟು, ಸಂಜೆ ಮತ್ತೆ ಆಫೀಸು. ತಿಂಗಳಿಗೆ 500 ರೂಪಾಯಿ. ಮೂರನೇ ವರ್ಷ 1,000. ಅದೂ ನೆನಪಾದ ತಿಂಗಳು. ಕೆಟ್ಟವರಲ್ಲ ಅವರು. ಗೌರಿ ಹಬ್ಬಕ್ಕೆ ಸೀರೆ ಕೊಡಿಸಿದ್ದರು. "ನಾನು ನಾಲ್ಕು ವರ್ಷ ಬಿಟ್ಟಿ ದುಡಿದಿದ್ದೀನಮ್ಮ, ನಿನಗೆ ನಾನೇ ವಾಸಿ" ಅನ್ನೋರು. ಅವರ ಸೀನಿಯರ್ ಕೂಡ ಅವರಿಗೆ ಅದನ್ನೇ ಹೇಳಿದ್ದಿರಬೇಕು.

ಆ ಮೂರು ವರ್ಷ ಕೋರ್ಟಿನಲ್ಲಿ ನಾನು ಬಾಯಿಬಿಟ್ಟು ಹೇಳಿದ್ದು ಹೆಚ್ಚೂಕಡಿಮೆ ಒಂದೇ ವಾಕ್ಯ. "ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ಟೈಮ್ ಕೊಡಬೇಕು ಸ್ವಾಮಿ." ಬೆಂಚ್ ಕ್ಲರ್ಕ್ ಕೇಸಿನ ನಂಬರ್ ಕೂಗುತ್ತಿದ್ದಂತೆ ಎದೆ ಡವಡವ. ಎದ್ದು ನಿಲ್ಲೋದು, ಆ ವಾಕ್ಯ ಹೇಳೋದು, ಮುಂದಿನ ತಾರೀಕು ಡೈರಿಯಲ್ಲಿ ಬರೆದುಕೊಳ್ಳೋದು. ಹೊರಗೆ ಬಂದರೆ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ಕಕ್ಷಿದಾರ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. "ಏನಾಯ್ತಮ್ಮ?" ವಾಯಿದೆ ಆಯ್ತು ಯಜಮಾನ್ರೇ. ಅವನು ಮರುಮಾತಾಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದ.

2007ರಲ್ಲಿ ಮದುವೆ. ವೀಸಾ. ಕೋಟು ಟ್ರಂಕು ಸೇರಿತು.

2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿಯಾದರೂ ಕೊಡಿ ಅಂತ ಸುತ್ತೋಲೆ ಕಳಿಸಿತು. ಆದೇಶ ಅಲ್ಲ, ಶಿಫಾರಸು. ನನ್ನ ಚಿಕ್ಕಪ್ಪನ ಮೊಮ್ಮಗ ಈಗ ಜೂನಿಯರ್. ಕೇಳಿದ್ದಕ್ಕೆ ನಗುವ ಎಮೋಜಿ ಒಂದೇ ಕಳಿಸಿದ. ಅಪ್ಪನ ಜಮೀನೋ ಬಾಡಿಗೆಗೆ ಕೊಟ್ಟ ಮನೆಯೋ ಇದ್ದವನು ಹೇಗೋ ತಡೆದುಕೊಳ್ಳುತ್ತಾನೆ. ಇಲ್ಲದವನು ಎರಡನೇ ವರ್ಷ ಫೈನಾನ್ಸ್ ಕಂಪನಿಯ ರಿಕವರಿ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಬ್ಯಾಚಿನಲ್ಲೇ ಹಾಗೆ ಹೋದವರಿದ್ದಾರೆ, ನನಗಿಂತ ಚೆನ್ನಾಗಿ ಮಾತಾಡೋರು.

"ನೀನೂ ಈ ಪರೀಕ್ಷೆ ಬರಿ ಅಮ್ಮ" ಎಂದಳು ಮಗಳು. ಬೇರೆ ದೇಶದಲ್ಲಿ ವಕೀಲರಾದವರಿಗೆ ಆ ಎರಡು ವರ್ಷದ ಅನುಭವವೇ ಬೇಡವಂತೆ, ಪರೀಕ್ಷೆ ಪಾಸಾದರಾಯಿತು. ಅಪ್ರೆಂಟಿಸ್ ದಾರಿಯಂತೂ ನನ್ನಂಥವರಿಗೆ ಮುಚ್ಚಿದ ಹಾಗೇ. 2026ರ ಜನವರಿಯಿಂದ ಹೊಸದಾಗಿ ಸೇರುವವರಲ್ಲಿ 22 ತುಂಬಿದವರಿಗೆ ಸಾಮಾನ್ಯವಾಗಿ ಇದಕ್ಕೆ ಸರ್ಕಾರದ ದುಡ್ಡಿಲ್ಲ. "360 ಪ್ರಶ್ನೇನಾ? ಕನ್ನಡಕ ಬದಲಾಯಿಸಬೇಕಾಗುತ್ತೆ" ಎಂದು ಮಾತು ಹಾರಿಸಿದೆ.

ರಾತ್ರಿ ಮಾತ್ರ ಮೇಲಿನ ಕಪಾಟು ತೆಗೆದೆ. ಕೋಟು ಊರಲ್ಲೇ ಉಳಿದಿದೆ. 2007ರ ಡೈರಿ ಹೇಗೋ ನನ್ನ ಜೊತೆ ಬಂದುಬಿಟ್ಟಿತ್ತು. ಮಗಳು ಕಸಿದುಕೊಂಡು ಹಾಸಿಗೆಯ ಮೇಲೆ ಕೂತಳು. ಅವಳಿಗೆ ಕನ್ನಡ ಓದೋಕೆ ಬರೋದು ಅಕ್ಷರ ಕೂಡಿಸಿಕೊಂಡು. ಪುಟ ಪುಟದಲ್ಲೂ ಓ.ಎಸ್. ನಂಬರು, ಅಂದರೆ ಸಿವಿಲ್ ದಾವೆಯ ನಂಬರು, ಪಕ್ಕದಲ್ಲಿ 'ವಾ-ಯಿ-ದೆ', 'ವಾ-ಯಿ-ದೆ'. ಕೊನೆಯ ಬರಹದಲ್ಲಿ ಅವಳ ಬೆರಳು ನಿಂತಿತು. ಅಣ್ಣತಮ್ಮಂದಿರ ಪಾಲಿನ ದಾವೆ, ಬೇಲೂರು ಕಡೆಯವರದ್ದು. ಮುಂದಿನ ತಾರೀಕಿನ ಜಾಗ ಖಾಲಿ.

"ಇದು ಏನಾಯ್ತು?"

ನನಗೆ ಗೊತ್ತಿರಲಿಲ್ಲ. ಸೀನಿಯರ್‌ನ ಗುಮಾಸ್ತರ ನಂಬರ್ ಇತ್ತು. ಯುಗಾದಿಗೆ, ದೀಪಾವಳಿಗೆ ತಪ್ಪದೆ ಹೂವಿನ ಚಿತ್ರ ಕಳಿಸುತ್ತಾರೆ. ಡೈರಿಯ ಆ ಪುಟದ ಫೋಟೋ ತೆಗೆದು ಕಳಿಸಿದೆ. ಅಲ್ಲಿ ಬೆಳಗಿನ ಜಾವ ಇರಬೇಕು, ತಕ್ಷಣ ನೀಲಿ ಗೆರೆ ಬಿತ್ತು. ಒಂದು ವಾಯ್ಸ್ ಮೆಸೇಜ್. ಹಿಂದೆ ನಲ್ಲಿ ನೀರಿನ ಸದ್ದು.

"ಮೇಡಂ, ಅದು ಈಗ ಅಪೀಲಲ್ಲಿದೆ. 14ಕ್ಕೆ ತಾರೀಕು. ಸರ್‌ಗೆ ಮಂಡಿ ನೋವು, ಓಡಾಡಕ್ಕಾಗಲ್ಲ. ಈಗಿನ ಹುಡುಗರು ಯಾರೂ ನಿಲ್ತಿಲ್ಲ. ನೀವಿದ್ದಿದ್ರೆ ಟೈಮ್ ಆದ್ರೂ ಕೇಳ್ತಿದ್ರಿ."