ನಕ್ಷೆ ಬಿಚ್ಚಿದರೆ ಮೊದಲು ಇಸವಿ ನೋಡಿ

ಕಾರವಾರದಲ್ಲಿ ರಸ್ತೆ ಕಾಮಗಾರಿಯ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್ ಕೆಲಸ ನನ್ನದು. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ನಕ್ಷೆ ಬಿಚ್ಚಿದ ಕೂಡಲೇ ಇಸವಿ ನೋಡಿ.

ನಮ್ಮ ಕರಾವಳಿ ಹೆದ್ದಾರಿಯನ್ನೇ ತಗೊಳ್ಳಿ. ಹಳೆ ಕಡತದಲ್ಲೆಲ್ಲ ಅದು ರಾಷ್ಟ್ರೀಯ ಹೆದ್ದಾರಿ (ಎನ್‌ಎಚ್) 17. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ನಂಬರು ಬಂದಾಗ 66 ಆಯಿತು. ಅಂಕೋಲಾ–ಹುಬ್ಬಳ್ಳಿಯ 63 ಹೋಗಿ 52 ಬಂತು. ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಟ್ಟ ಹತ್ತುವ 206 ಈಗ 69. ಹಳೆ ನಂಬರುಗಳೂ ಸುಮ್ನೆ ಉಳಿಯಲಿಲ್ಲ. ಇವತ್ತಿನ ಎನ್‌ಎಚ್ 17 ಇರುವುದು ಪಶ್ಚಿಮ ಬಂಗಾಳ, ಅಸ್ಸಾಂ ಕಡೆ! ಭೂಸ್ವಾಧೀನದ ಹಳೆ ಕಾಗದ ಹಿಡಿದು ಬಂದ ರೈತರಿಗೆ ಉತ್ತರ ಕೊಡಬೇಕಾದರೆ ಎರಡೂ ನಂಬರು ಗೊತ್ತಿರಲೇಬೇಕು.

ಇನ್ನೂ ಹಿಂದಕ್ಕೆ ಹೋದರೆ ದೂರವೆಲ್ಲ ಮೈಲಿ, ಫರ್ಲಾಂಗಿನಲ್ಲಿ. 1956ರ ನವೆಂಬರ್ 1ಕ್ಕಿಂತ ಹಿಂದಿನ ರಸ್ತೆಯನ್ನು ಮೈಸೂರು ರಾಜ್ಯದ ನಕ್ಷೆಯಲ್ಲಿ ಹುಡುಕಬೇಡಿ. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿಗೆ ಸೇರಿತ್ತು. ಸೂಪಾ ಎಂಬ ಊರು ಕೂಡ ಹಳೆ ಹಾಳೆಯಲ್ಲೇ ಸಿಗುವುದು. ಅಣೆಕಟ್ಟು ಕಟ್ಟಿದ ಮೇಲೆ ಅದು ಕಾಳಿ ನದಿಯ ನೀರಲ್ಲಿ ಮುಳುಗಿತು, ಅಲ್ಲಿಗೆ ಹೋಗುತ್ತಿದ್ದ ರಸ್ತೆಗಳೂ ಮುಳುಗಿದವು. ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು.

ಆದರೆ ನನಗೆ ಜಾಸ್ತಿ ಬೇಸರವಾಗುವುದು ಬೇರೆ ವಿಷಯಕ್ಕೆ. ಹಳೆ ಹಾಳೆಗಳಲ್ಲಿ ಮಳೆಗಾಲದಲ್ಲೂ ಓಡಾಡಬಹುದಾದ ರಸ್ತೆಗೆ ಒಂದು ಗೆರೆ, ಬೇಸಿಗೆಗಷ್ಟೇ ಆಗುವ ರಸ್ತೆಗೆ ಇನ್ನೊಂದು ಗೆರೆ. ಸೇತುವೆ ಇಲ್ಲದ ಕಡೆ ತಾರಿ, ಅಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ, ಎಲ್ಲಿದೆ ಎಂದು ಗುರುತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಡ್ಡ ಹರಿಯುವ ಜಿಲ್ಲೆಗೆ ಅದು ದೊಡ್ಡ ಆಸರೆ. ಈಗಿನ ರಾಜ್ಯ ನಕ್ಷೆಯ ಬಣ್ಣಗಳು ರಾಷ್ಟ್ರೀಯ ಹೆದ್ದಾರಿ ಯಾವುದು, ರಾಜ್ಯ ಹೆದ್ದಾರಿ ಯಾವುದು, ಜಿಲ್ಲಾ ರಸ್ತೆ ಯಾವುದು ಎಂದಷ್ಟೇ ಹೇಳುತ್ತವೆ. ಅಂದರೆ ರಿಪೇರಿ ಯಾರ ಲೆಕ್ಕಕ್ಕೆ ಎಂದು ಗೊತ್ತಾಗುತ್ತದೆ. ಆಷಾಢದಲ್ಲಿ ಬಸ್ಸು ಹೋಗುತ್ತದಾ ಅಂತ ಗೊತ್ತಾಗುವುದಿಲ್ಲ. ಕುಮಟಾ–ಶಿರಸಿ ರಸ್ತೆಗೆ 766ಇ ಎಂಬ ನಂಬರು ಸಿಕ್ಕ ದಿನ ನಕ್ಷೆಯಲ್ಲಿ ಬಣ್ಣ ಬದಲಾಯಿತು. ದೇವಿಮನೆ ಘಟ್ಟದ ತಿರುವುಗಳು ಅವತ್ತೇ ನೆಟ್ಟಗಾಗಲಿಲ್ಲ ಅಲ್ವಾ? 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಮುಂದಿನ ತಿಂಗಳೇ ಕಾರವಾರದ ಹಳೆ ಕಾಳಿ ಸೇತುವೆ ಬಿತ್ತು. ನಕ್ಷೆಯಲ್ಲಿ ಎರಡೂ ಕಡೆ ಇದ್ದದ್ದು ಗಟ್ಟಿ ಗೆರೆಯೇ.

ಹಾಗಾಗಿ ನಮ್ಮ ಟೇಬಲ್ಲಿನ ಪ್ರತಿಯಲ್ಲಿ ಹೊಸ ನಂಬರಿನ ಪಕ್ಕ ಹಳೆಯದನ್ನೂ ಬರೆಯುತ್ತೇವೆ. ಮಳೆಗೆ ಗುಡ್ಡ ಜಾರುವ, ನೀರು ಹತ್ತುವ ಜಾಗಕ್ಕೆ ತುಂಡು ಗೆರೆ ಹಾಕುತ್ತೇವೆ. ಅಚ್ಚಾಗುವ ನಕ್ಷೆಯಲ್ಲೂ ಆ ಗೆರೆ ಬರಲಿ ಎಂದು ಮೀಟಿಂಗ್ ಆದಾಗೆಲ್ಲ ಕೇಳುತ್ತಿದ್ದೇನೆ.